ಹೆಸರಿಲ್ಲದ ಗಾಳಿ

ಗಾಳಿಯ ವಿಷಯ ಬಂದಾಗ ನಮ್ಮ ಸರಕಾರಿ ಕನ್ನಡ ಬಳಸುವ ಮಾತುಗಳನ್ನು ಒಮ್ಮೆ ಬಿಡಿಸಿ ನೋಡಬೇಕು. ‘ಹವಾಮಾನ’ ಎನ್ನುತ್ತೇವೆ. ಇದರಲ್ಲಿ ‘ಹವಾ’ ನಮ್ಮ ಉರ್ದುವಿನದು, ‘ಮಾನ’ ಸಂಸ್ಕೃತದ್ದು. ಉರ್ದು ಶಾಲೆಯಲ್ಲಿ ಅಲಿಫ್ ಬೇ ತಿದ್ದಿ ಆಮೇಲೆ ಕನ್ನಡ ಶಾಲೆಯ ಮಣೆ ಮೇಲೆ ಕೂತ ನಮ್ಮಂಥವರಿಗೆ ಈ ಪದ ಕಂಡಾಗಲೆಲ್ಲ, ಎರಡು ಮನೆಯ ಹುಡುಗರು ಒಂದೇ ತಟ್ಟೆಯಲ್ಲಿ ಉಣ್ಣುತ್ತಿರುವುದನ್ನು ಕಂಡಷ್ಟು ಸಂತೋಷ. ‘ಮಾನ್ಸೂನ್’ ಎಂಬ ಇಂಗ್ಲಿಷಿನವರ ಪದವೂ ಅರಬ್ಬಿಯ ‘ಮೌಸಿಮ್’ನಿಂದ ಪೋರ್ಚುಗೀಸರ ಬಾಯಿಗೆ ಬಿದ್ದು ಅಲ್ಲಿಂದ ಇಂಗ್ಲಿಷಿಗೆ ಹೋದದ್ದು. ಕರಾವಳಿಯ ಮೀನುಗಾರ ‘ತೂಫಾನ್’ ಎನ್ನುತ್ತಾನೆ. ದೋಣಿ ಕಟ್ಟುವ ಜಾಗವನ್ನು ‘ಬಂದರು’ ಎನ್ನುತ್ತಾನೆ. ಗಾಳಿ ಬೀಸಿ ಮನೆ ಬಿದ್ದ ಮೇಲೆ ‘ತಹಸೀಲ್ದಾರ’ರ ಕಡೆಯವರು ಬಂದು ‘ಮಹಜರು’ ಬರೆಯುತ್ತಾರೆ. ಹೀಗೆ ಗಾಳಿ ಹುಟ್ಟುವುದರಿಂದ ಹಿಡಿದು ಕಡತ ಸೇರುವವರೆಗೆ ನಮ್ಮ ಮನೆಮಾತಿನ ಪದಗಳೇ ಜೊತೆಗೆ ನಡೆದು ಬರುತ್ತವೆ. ಕೊನೆಗೆ ಬರಬೇಕಾದ ‘ಪರಿಹಾರ’ ಒಂದೇ ಅಚ್ಚ ಸಂಸ್ಕೃತದ್ದು. ಅದು ಬರುವುದಿಲ್ಲ.

ಇದು ತಮಾಷೆಗೆ ಹೇಳಿದ ಮಾತು. ಆದರೆ ಪೂರ್ತಿ ತಮಾಷೆಯಲ್ಲ. ಯಾಕೆ ಬರುವುದಿಲ್ಲ ಎಂದು ಕೇಳಿದರೆ ಉತ್ತರ ಒಂದು ಪಟ್ಟಿಯಲ್ಲಿದೆ. ರಾಜ್ಯ ವಿಪತ್ತು ಪರಿಹಾರ ನಿಧಿಯಿಂದ ಹಣ ಕೊಡಲು ಕೇಂದ್ರ ಸರಕಾರ ಒಪ್ಪಿದ ವಿಪತ್ತುಗಳ ಹಳೆಯ ಪಟ್ಟಿ ಅದು. ಚಂಡಮಾರುತ, ಬರ, ಭೂಕಂಪ, ಬೆಂಕಿ, ಪ್ರವಾಹ, ಸುನಾಮಿ, ಆಲಿಕಲ್ಲು, ಭೂಕುಸಿತ, ಹಿಮಕುಸಿತ, ಮೇಘಸ್ಫೋಟ, ಕೀಟಬಾಧೆ, ಹಿಮ ಮತ್ತು ಶೀತಗಾಳಿ ಎಂದು ಹನ್ನೆರಡು. ಕರ್ನಾಟಕದಲ್ಲಿ ಎಂದೂ ಕಾಣದ ಹಿಮಕುಸಿತಕ್ಕೆ ಅಲ್ಲಿ ಜಾಗವಿದೆ. ಪ್ರತಿ ಏಪ್ರಿಲ್-ಮೇ ತಿಂಗಳಲ್ಲಿ ಹಿರಿಯೂರಿನಿಂದ ಹೊಳಲ್ಕೆರೆಯವರೆಗೆ ತೋಟಗಳನ್ನು ಮಲಗಿಸುವ, ಜೂನ್-ಜುಲೈಯಲ್ಲಿ ಕರಾವಳಿಯ ನಾಡದೋಣಿಗಳನ್ನು ಮಗುಚುವ ಬರೀ ಗಾಳಿಗೆ ಜಾಗವಿಲ್ಲ.

‘ಚಂಡಮಾರುತ ಇದೆಯಲ್ಲ, ಅದೇ ಗಾಳಿಯಲ್ಲವೇ?’ ಎಂದು ಕೇಳುವವರಿದ್ದಾರೆ. ಅಲ್ಲ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಸಮುದ್ರದ ಮೇಲೆ ಒಂದು ಸುಳಿ ಏಳಬೇಕು. ಅದರ ಸುತ್ತ ಗಾಳಿಯ ವೇಗ ಗಂಟೆಗೆ 31 ಕಿ.ಮೀ. ಮುಟ್ಟಿದರೆ ವಾಯುಭಾರ ಕುಸಿತ. 50 ದಾಟಿದರೆ ತೀವ್ರ ವಾಯುಭಾರ ಕುಸಿತ. 62ಕ್ಕೆ ಬಂದ ಮೇಲೆಯೇ ಅದು ಚಂಡಮಾರುತ. ಆಗ ಅದಕ್ಕೊಂದು ನಾಮಕರಣವೂ ಆಗುತ್ತದೆ. 2021ರ ಮೇ ತಿಂಗಳಲ್ಲಿ ನಮ್ಮ ಕರಾವಳಿಯನ್ನು ಉಜ್ಜಿಕೊಂಡು ಹೋದದ್ದಕ್ಕೆ ‘ತೌಕ್ತೆ’ ಎಂದು ಹೆಸರಿಟ್ಟವರು ಮ್ಯಾನ್ಮಾರಿನವರು. ಅವರ ಭಾಷೆಯಲ್ಲಿ ಅದು ಒಂದು ಜಾತಿಯ ಹಲ್ಲಿ. 2023ರ ಜೂನಿನ ‘ಬಿಪರ್‌ಜಾಯ್’ ಬಾಂಗ್ಲಾದೇಶದವರು ಕೊಟ್ಟ ಹೆಸರು. ಬಂಗಾಳಿಯಲ್ಲಿ ಅದರ ಅರ್ಥವೇ ವಿಪತ್ತು. ಹುಟ್ಟುವಾಗಲೇ ವಿಪತ್ತು ಎಂಬ ಹೆಸರು ಹೊತ್ತು ಬಂದ ಗಾಳಿಗೆ ಪಟ್ಟಿಯಲ್ಲಿ ಜಾಗ ಸಿಗುವುದೇನು ದೊಡ್ಡದಲ್ಲ. ಆದರೆ ಬೇಸಿಗೆಯ ಸಂಜೆ ಗುಡುಗಿನ ಮೋಡದ ಹೊಟ್ಟೆಯಿಂದ ಜಾರಿ ಬಿದ್ದು ಹತ್ತು ನಿಮಿಷದಲ್ಲಿ ಊರಿನ ಅರ್ಧ ಶೀಟುಗಳನ್ನು ಎತ್ತಿಕೊಂಡು ಹೋಗುವ ಗಾಳಿಯ ವೇಗ ಎಷ್ಟೇ ಇರಲಿ, ಅದು ಚಂಡಮಾರುತವಲ್ಲ. ಅದಕ್ಕೆ ಹೆಸರಿಲ್ಲ. ಹೆಸರಿಲ್ಲದ್ದಕ್ಕೆ ಕಾಲಂ ಇಲ್ಲ. ಕಾಲಂ ಇಲ್ಲದ್ದಕ್ಕೆ ಕಾಸಿಲ್ಲ.

ಕರುಣೆಯಿರುವ ಅಧಿಕಾರಿಗಳು ಇಲ್ಲವೆಂದಲ್ಲ. ಅವರು ‘ಮಳೆ-ಗಾಳಿ’ ಎಂದು ಜೋಡಿಸಿ ಬರೆದು, ಗಾಳಿಯನ್ನು ಮಳೆಯ ಸೆರಗಿಗೆ ಕಟ್ಟಿ ದಾಟಿಸುತ್ತಾರೆ. ಬಿದ್ದ ಮನೆಗೆ ಒಂದಿಷ್ಟು ಹಣ ಹೀಗೆ ಬಂದದ್ದೂ ಉಂಟು. ಆದರೆ ಒಬ್ಬ ಬಡವನಿಗೆ ಸಿಗಬೇಕಾದ ಹಕ್ಕು ಮಹಜರು ಬರೆಯುವವನ ಪೆನ್ನಿನ ದಯೆಯ ಮೇಲೆ ನಿಂತರೆ ಅದನ್ನು ಹಕ್ಕು ಎನ್ನಲಾದೀತೆ? ಮಳೆ ಬೀಳದೆ ಬರೀ ಗಾಳಿ ಬಂದ ದಿನ ಏನು ಮಾಡುವುದು? ನಮ್ಮ ಸೀಮೆಯಲ್ಲಿ ಅಂಥ ದಿನಗಳೇ ಹೆಚ್ಚು.

ಯಲ್ಲದಕೆರೆ ಹಿರಿಯೂರು ತಾಲ್ಲೂಕಿನ ಊರು. ಕಡಲಿಗೂ ಇದಕ್ಕೂ ನೆಟ್ಟಗೆ ಅಳೆದರೆ ಸುಮಾರು 200 ಕಿ.ಮೀ. ದೂರ. ‘ಕರಾವಳಿಯ ಗಾಳಿ ಕಟ್ಟಿಕೊಂಡು ನಿಮಗೇನು?’ ಎಂದು ಕೇಳಿದರೆ ನಮ್ಮ ಉತ್ತರ ಇಷ್ಟೆ: ಅದು ಬೇರೆ ಗಾಳಿಯಲ್ಲ, ಅದೇ ಗಾಳಿ. ಆಷಾಢದಲ್ಲಿ ಮಲ್ಪೆಯ ದಕ್ಕೆಯಲ್ಲಿ ಬೋಟುಗಳನ್ನು ಒಂದಕ್ಕೊಂದು ತಾಕಿಸುವ ಪಡುವಣ ಗಾಳಿ ಘಟ್ಟ ಹತ್ತುತ್ತದೆ. ಹತ್ತುವಾಗ ಹೊತ್ತು ತಂದ ನೀರನ್ನೆಲ್ಲ ಅಲ್ಲೇ ಸುರಿಯುತ್ತದೆ. ಉಡುಪಿಯಲ್ಲಿ ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ, ಆಗುಂಬೆಯಲ್ಲಿ 7000 ದಾಟುತ್ತದೆ, ಹಿರಿಯೂರಿನಲ್ಲಿ 600 ಮುಟ್ಟುವುದೂ ಕಷ್ಟ. ಕಡಲು ಕಳಿಸಿದ ಪಾರ್ಸಲಿನಲ್ಲಿ ನೀರನ್ನು ಮಲೆನಾಡು ಇಳಿಸಿಕೊಂಡು ಖಾಲಿ ಡಬ್ಬ ಮಾತ್ರ ನಮಗೆ ತಲುಪಿಸಿದಂತೆ! ಆ ಖಾಲಿ ಡಬ್ಬದ ಸದ್ದು ಜೂನ್‌ನಿಂದ ಆಗಸ್ಟ್‌ವರೆಗೆ ಕಿವಿ ತುಂಬಾ. ಬಿತ್ತಿದ ಹೊಲದ ಮೇಲ್ಮಣ್ಣು ಹಾರುತ್ತದೆ, ಒಂದು ಹದ ಮಳೆ ಬಂದಿದ್ದರೂ ಎರಡು ದಿನದಲ್ಲಿ ಈ ಗಾಳಿ ಅದನ್ನು ಹೀರಿ ಬಿಸಾಡುತ್ತದೆ. ಗಾಳಿಯ ಈ ಒಣಗಿಸುವ ಕೆಲಸ ಯಾವ ಮಹಜರಿಗೂ ಸಿಗುವುದಿಲ್ಲ. ಬರ ಎಂದು ಘೋಷಣೆಯಾದಾಗಲೂ ಅದನ್ನು ಮಳೆಯ ಕೊರತೆ ಎಂದೇ ಬರೆಯುತ್ತಾರೆ.

ಈ ಮಧ್ಯೆ ನಮ್ಮ ಕಡೆ ಒಂದು ನಂಬಿಕೆ ಬೆಳೆದಿದೆ: ಗುಡ್ಡಗಳ ಮೇಲೆ ನಿಲ್ಲಿಸಿದ ಗಾಳಿಯಂತ್ರಗಳು ಮೋಡಗಳನ್ನು ಓಡಿಸುತ್ತವೆ, ಅದಕ್ಕೇ ಮಳೆ ಇಲ್ಲ ಎಂದು. ಚಹದಂಗಡಿಯಲ್ಲಿ ಇದನ್ನು ಹೇಳದ ದಿನವಿಲ್ಲ. ಇದು ಸರಿಯಲ್ಲ. ಆ ಯಂತ್ರದ ರೆಕ್ಕೆ ತಿರುಗುವುದು ನೆಲದಿಂದ ನೂರು ಮೀಟರಿನ ಆಚೀಚೆ. ಮಳೆಯ ಮೋಡ ಇರುವುದು ಅದಕ್ಕಿಂತ ಎಷ್ಟೋ ಪಟ್ಟು ಮೇಲೆ. ಯಂತ್ರಗಳು ಬರುವ ಮುಂಚೆಯೂ ಇದು ಬರದ ನಾಡೇ ಆಗಿತ್ತು. ಮಾರಿಕಣಿವೆಗೆ ಅಡ್ಡ ಕಟ್ಟೆ ಕಟ್ಟಿ 1907ರಲ್ಲಿ ವಾಣಿವಿಲಾಸ ಸಾಗರ ಮುಗಿಸಿದ್ದೇ ಆ ಕಾರಣಕ್ಕೆ. ಆ ಕೆರೆ 1933ರಲ್ಲಿ ತುಂಬಿ ಕೋಡಿ ಹರಿದದ್ದು ಬಿಟ್ಟರೆ ಮತ್ತೆ ಹರಿದದ್ದು 2022ರಲ್ಲಿ. ಯಂತ್ರಗಳು ಮೋಡ ಓಡಿಸುವುದಾದರೆ, ಗುಡ್ಡದ ತುಂಬಾ ಅವು ತಿರುಗುತ್ತಿದ್ದ ವರ್ಷದಲ್ಲೇ ಕೆರೆ ತುಂಬಿದ್ದು ಹೇಗೆ?

ಆದರೆ ಆ ನಂಬಿಕೆಯನ್ನು ನಕ್ಕು ತಳ್ಳಿಹಾಕುವವರೊಡನೆಯೂ ನಮ್ಮ ಜಗಳವಿದೆ. ರೈತ ತಪ್ಪು ಕಾರಣ ಹೇಳುತ್ತಿರಬಹುದು, ಅವನ ಅನುಮಾನ ತಪ್ಪಲ್ಲ. ಇವರು ನಮ್ಮ ಗಾಳಿಯಿಂದ ಏನನ್ನೋ ತೆಗೆದುಕೊಂಡು ಹೋಗುತ್ತಿದ್ದಾರೆ, ನಮಗೇನೂ ಉಳಿಯುತ್ತಿಲ್ಲ ಎಂಬುದು ಅವನಿಗೆ ಗೊತ್ತಾಗಿದೆ. ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ತಾಲ್ಲೂಕುಗಳ ಗುಡ್ಡಸಾಲುಗಳ ಮೇಲೆ ನಿಂತಿರುವ ಯಂತ್ರಗಳನ್ನು ನೋಡಿ. ಅವು ಬರುವ ಮೊದಲು ಕಂಬ ನೆಟ್ಟು, ತಿಂಗಳುಗಟ್ಟಲೆ ಗಾಳಿಯ ವೇಗ, ದಿಕ್ಕು ಎಲ್ಲವನ್ನೂ ಬರೆದುಕೊಂಡಿದ್ದಾರೆ. ಇದಕ್ಕೆಂದೇ ಚೆನ್ನೈಯಲ್ಲಿ ಕೇಂದ್ರ ಸರಕಾರದ ಒಂದು ರಾಷ್ಟ್ರೀಯ ಸಂಸ್ಥೆಯಿದೆ. ಗಾಳಿ ಸೆಕೆಂಡಿಗೆ 3 ಮೀಟರ್ ಬೀಸಿದರೆ ಯಂತ್ರ ತಿರುಗಲು ಶುರು. 25 ಮೀಟರ್, ಅಂದರೆ ಗಂಟೆಗೆ 90 ಕಿ.ಮೀ. ಆಸುಪಾಸಿಗೆ ಬಂದರೆ ತಾನಾಗಿ ರೆಕ್ಕೆ ತಿರುಗಿಸಿಕೊಂಡು ನಿಂತುಬಿಡುತ್ತದೆ, ಯಂತ್ರ ಹಾಳಾಗಬಾರದಲ್ಲ! ಪ್ರತಿ ಯೂನಿಟ್ಟಿಗೂ ಮೀಟರು, ಪ್ರತಿ ಮೀಟರಿಗೂ ಬಿಲ್ಲು. ಗಾಳಿ ವಿದ್ಯುತ್ತಿನಲ್ಲಿ ಕರ್ನಾಟಕ ದೇಶದ ಮುಂಚೂಣಿಯ ರಾಜ್ಯಗಳಲ್ಲಿ ಒಂದು ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ.

ಮಾರುವಾಗ ಪೈಸೆಯವರೆಗೆ ಅಳೆಯುವ ಗಾಳಿಯನ್ನು, ಅದೇ ಗುಡ್ಡದ ಕೆಳಗೆ ಅದು ಒಬ್ಬ ವಿಧವೆಯ ಶೀಟು ಹಾರಿಸಿದಾಗ ಅಳೆಯಲು ಯಾಕೆ ಬರುವುದಿಲ್ಲ? ಅಳೆಯುವ ಸಾಧನ ಇಲ್ಲವೇ? ಇದೆ. 1988ರಲ್ಲಿ ಬರ ನಿಗಾ ಘಟಕವಾಗಿ ಹುಟ್ಟಿದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪಂಚಾಯಿತಿಗೊಂದು ಮಳೆಮಾಪಕ, ಹೋಬಳಿಗೊಂದು ಹವಾಮಾನ ಕೇಂದ್ರ ಎಂಬ ಲೆಕ್ಕದಲ್ಲಿ ರಾಜ್ಯದ ತುಂಬಾ ಉಪಕರಣ ಕೂರಿಸಿದೆ. ಹೋಬಳಿಯ ಕೇಂದ್ರ ಗಾಳಿಯ ವೇಗವನ್ನೂ ದಾಖಲಿಸುತ್ತದೆ. ಅಂಕಿ ಬೆಂಗಳೂರಿಗೆ ಹೋಗುತ್ತದೆ. ಹೋದ ಅಂಕಿ ಪರಿಹಾರದ ಕಾಗದದ ಮೇಲೆ ಇಳಿದು ಬರುವುದಿಲ್ಲ, ಅಷ್ಟೆ. ಅಡಿಕೆಯ ಹವಾಮಾನ ಆಧಾರಿತ ವಿಮೆ ಕೂಡ ಮುಖ್ಯವಾಗಿ ಮಳೆ, ತೇವಾಂಶ, ಉಷ್ಣಾಂಶದ ಲೆಕ್ಕದ ಮೇಲೆ ನಡೆಯುತ್ತದೆ.

ಇನ್ನು ಪರಿಹಾರ ಸಿಕ್ಕಿತು ಎಂದೇ ಇಟ್ಟುಕೊಳ್ಳೋಣ. ಎಷ್ಟು? 2022ರಲ್ಲಿ ಕೇಂದ್ರ ಗೃಹ ಸಚಿವಾಲಯ ಹೊರಡಿಸಿದ, 2025-26ರವರೆಗಿನ ನಿಯಮದಲ್ಲಿ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂಪಾಯಿ, ಅದೂ ಎರಡು ಹೆಕ್ಟೇರು ಮೀರದಂತೆ. ಒಂಬತ್ತು ಅಡಿಗೊಂದರಂತೆ ನೆಟ್ಟರೆ ಒಂದು ಹೆಕ್ಟೇರಿನಲ್ಲಿ ಸುಮಾರು 1370 ಅಡಿಕೆ ಗಿಡ. ಭಾಗಿಸಿ ನೋಡಿ, ಗಿಡವೊಂದಕ್ಕೆ ಹದಿನಾರು ರೂಪಾಯಿ ಚಿಲ್ಲರೆ. ಐದಾರು ವರ್ಷ ಟ್ಯಾಂಕರ್ ನೀರು ಹೊಯ್ದು, ಕೊಳವೆಬಾವಿಗೆ ಸಾಲ ಮಾಡಿ, ಮಗುವಿನಂತೆ ಸಾಕಿ ಫಲಕ್ಕೆ ತಂದ ಗಿಡದ ಬೆಲೆ ಎರಡು ಚಹಾ! ರಾಜ್ಯ ಸರಕಾರ ಕೆಲವು ವರ್ಷ ತನ್ನ ಕಡೆಯಿಂದ ಹೆಚ್ಚು ಸೇರಿಸಿದ್ದುಂಟು. ಸೇರಿಸಿದರೂ ಇನ್ನೊಂದು ಚಹಾದ ಆಸುಪಾಸು.

ಅದಕ್ಕಿಂತ ದೊಡ್ಡ ಗಂಟು ಇನ್ನೊಂದಿದೆ. ಬೆಳೆ ಶೇ. 33ಕ್ಕೆ ಕಡಿಮೆಯಿಲ್ಲದಂತೆ ಹಾಳಾಗಿರಬೇಕು. ಈ ಮೂರನೇ ಒಂದು ಪಾಲಿನ ನಿಯಮ ಬರಕ್ಕೆ, ಪ್ರವಾಹಕ್ಕೆ ಹೊಂದುತ್ತದೆ. ಬರ ಬಂದರೆ ಹೊಲಕ್ಕೆ ಹೊಲವೇ ಒಣಗುತ್ತದೆ, ನೀರು ನುಗ್ಗಿದರೆ ಗದ್ದೆಗೆ ಗದ್ದೆಯೇ ಮುಳುಗುತ್ತದೆ. ಗಾಳಿ ಹಾಗಲ್ಲ. ಅದು ಬೀದಿ ಹಿಡಿದು ಹೋಗುವ ಕುಡುಕನಂತೆ. ಒಂದು ಮನೆಯ ಬಾಗಿಲು ಒದೆಯುತ್ತದೆ, ಪಕ್ಕದ ಮನೆಯ ಕದ ಮುಟ್ಟುವುದೂ ಇಲ್ಲ. ಸಾವಿರ ಗಿಡದ ತೋಟದಲ್ಲಿ ಒಂದು ಓಣಿಯಂತೆ ಇನ್ನೂರು ಗಿಡ ಮುರಿದು ಮುಂದೆ ಹೋಗುತ್ತದೆ. ಇನ್ನೂರು ಅಂದರೆ ಶೇ. 20. ರೈತನಿಗೆ ವರ್ಷದ ಸಾಲದ ಕಂತು ಹೋಯಿತು, ಕಚೇರಿಗೆ ಏನೂ ಆಗಲಿಲ್ಲ. ಗಾಳಿಯ ಗುಣವನ್ನೇ ನೋಡದೆ ಹೆಣೆದ ನಿಯಮದಲ್ಲಿ ಗಾಳಿಗೆ ಸಿಕ್ಕವನು ಹೇಗೆ ತೂರಬೇಕು?

ಈಗ ಘಟ್ಟ ಇಳಿಯೋಣ. ಅಲ್ಲಿಯ ಕಥೆ ಬೇರೆ, ಲೆಕ್ಕ ಒಂದೇ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮೀನು ಮರಿ ಹಾಕುವ ಕಾಲ, ಕಡಲು ಮುನಿಯುವ ಕಾಲ, ಎರಡೂ ಕಾರಣ. ಇದು ಸರಕಾರ ಕಂಡುಹಿಡಿದ ವಿವೇಕವೇನಲ್ಲ. ಹಾಯಿ ಹಡಗಿನಲ್ಲಿ ನಮ್ಮ ಬಂದರುಗಳಿಗೆ ಬರುತ್ತಿದ್ದ ಅರಬ್ಬಿ ನಾವಿಕರಿಗೂ ಈ ತಿಂಗಳುಗಳಲ್ಲಿ ಮಲಬಾರಿನ, ಕೆನರಾದ ಕಡಲು ಬಾಗಿಲು ಹಾಕಿದ ಮನೆ ಎಂದು ಗೊತ್ತಿತ್ತು. ‘ಮೌಸಿಮ್’ ಎಂಬ ಮಾತಿನಲ್ಲೇ ಹೊರಡುವ ಕಾಲ, ಹೊರಡಬಾರದ ಕಾಲ ಎಂಬ ಗೆರೆಯಿತ್ತು. ಮೊಗವೀರರು ಮಳೆಗಾಲ ಇಳಿದ ಮೇಲೆ ಸಮುದ್ರ ಪೂಜೆ ಮಾಡಿ, ಹಾಲು ಹೊಯ್ದು, ತೆಂಗಿನಕಾಯಿ ಬಿಟ್ಟು ಕಡಲನ್ನು ಮಾತಾಡಿಸಿದ ಮೇಲೆಯೇ ಇಳಿಯುತ್ತಿದ್ದುದೂ ಅದೇ ಗೆರೆ.

ಆದರೆ ನಿಷೇಧ ಯಾಂತ್ರಿಕ ಬೋಟಿಗೆ. ಹತ್ತು ಅಶ್ವಶಕ್ತಿಯೊಳಗಿನ ಎಂಜಿನ್ ಕಟ್ಟಿದ ನಾಡದೋಣಿಗೆ ಅಲ್ಲ. ಅವರ ದುಡಿಮೆಯ ಕಾಲವೇ ಈ ಎರಡು ತಿಂಗಳು. ಅವರು ತೂಫಾನಿಗೆ ಹೆದರುತ್ತಾರೆ; ತೂಫಾನಿಗಾಗಿ ಕಾಯುತ್ತಲೂ ಇರುತ್ತಾರೆ. ಒಂದು ತೂಫಾನು ಬಂದು ಕಡಲನ್ನು ಕಲಕಿದ ಮೇಲೆಯೇ ಸಿಗಡಿ, ಮೀನು ದಡದ ಹತ್ತಿರ ಬರುತ್ತವೆ ಎಂಬುದು ಅವರ ಅನುಭವ. ತೂಫಾನು ಆಗದಿದ್ದರೆ ಬಲೆ ಖಾಲಿ, ಆದ ಮೇಲೆ ಆತುರಪಟ್ಟು ಹೋದರೆ ದೋಣಿ ಖಾಲಿ. ಈ ಎರಡರ ನಡುವಿನ ಸಣ್ಣ ಸಂದಿಯಲ್ಲಿ ಅವರ ವರ್ಷದ ಅಕ್ಕಿ ಇರುತ್ತದೆ.

ಇಂಥವರಿಗೆ ನಾವು ಕೊಡುವುದೇನು? ಎಚ್ಚರಿಕೆ. ‘ಗಾಳಿಯು ಗಂಟೆಗೆ 40ರಿಂದ 50 ಕಿ.ಮೀ. ವೇಗದಲ್ಲಿ ಬೀಸುವ ಸಾಧ್ಯತೆಯಿದ್ದು ಮೀನುಗಾರರು ಕಡಲಿಗಿಳಿಯಬಾರದಾಗಿ ಸೂಚಿಸಲಾಗಿದೆ’ ಎಂಬ ಧಾಟಿಯ ಒಂದು ವಾಕ್ಯ ಮಳೆಗಾಲದ ಉದ್ದಕ್ಕೂ ಪತ್ರಿಕೆಯಲ್ಲಿ ಕಾಯಂ ಬಾಡಿಗೆಗೆ ಇರುತ್ತದೆ. ಇಲಾಖೆಯವರು ತಮ್ಮ ಕೆಲಸ ಮಾಡಿದ್ದಾರೆ, ಒಪ್ಪೋಣ. ಹಿಂದಿಗಿಂತ ಈಗ ಮುನ್ಸೂಚನೆ ಎಷ್ಟೋ ನಿಖರ. ಆದರೆ ಕೂಲಿಯಿಲ್ಲದ ಎಚ್ಚರಿಕೆ ಎಂದರೆ, ‘ಇವತ್ತು ಉಪವಾಸ ಇರು’ ಎಂಬ ಆದೇಶ. ಅದನ್ನು ಹೊರಡಿಸುವವರಿಗೆ ತಿಂಗಳ ಕೊನೆಗೆ ಸಂಬಳ ಬರುತ್ತದೆ. ಓದುವ ನಮಗೆ ಚಹಾದ ಜೊತೆ ಸುದ್ದಿಯಾಗುತ್ತದೆ. ಪಾಲಿಸಬೇಕಾದವನಿಗೆ ಮಾತ್ರ ಅದರ ಖರ್ಚು. ಮೂರು ದಿನ ಪಾಲಿಸುತ್ತಾನೆ, ನಾಲ್ಕನೇ ದಿನ ಹೋಗುತ್ತಾನೆ. ದೋಣಿ ಮಗುಚಿದರೆ ಮರುದಿನ ಸುದ್ದಿಯಲ್ಲಿ ಒಂದು ಸಾಲು ತಪ್ಪದೆ ಇರುತ್ತದೆ: ಎಚ್ಚರಿಕೆಯನ್ನು ಕಡೆಗಣಿಸಿ ತೆರಳಿದ್ದರು. ಸತ್ತವನ ಮೇಲೆಯೇ ಆರೋಪಪಟ್ಟಿ!

ಸರಕಾರದ ‘ಉಳಿತಾಯ ಮತ್ತು ಪರಿಹಾರ’ ಯೋಜನೆ ಇದೆ ಎನ್ನುವವರಿಗೆ ಅದರ ಲೆಕ್ಕವನ್ನೂ ಹೇಳೋಣ. ಮೀನುಗಾರ ತಾನು 1500 ರೂಪಾಯಿ ಕಟ್ಟಬೇಕು. ಸರಕಾರಗಳು 3000 ಸೇರಿಸುತ್ತವೆ. ಮೀನುಗಾರಿಕೆ ಇಲ್ಲದ ತಿಂಗಳುಗಳಲ್ಲಿ 4500 ಅವನ ಕೈಗೆ ಬರುತ್ತದೆ. ತಿಂಗಳಿಗೆ 1500. ಇದು ಕ್ಯಾಲೆಂಡರಿನಲ್ಲಿ ಮೊದಲೇ ಗೊತ್ತಿರುವ ರಜೆಯ ಹಣ. ಸೆಪ್ಟೆಂಬರಿನಲ್ಲೋ ಅಕ್ಟೋಬರಿನಲ್ಲೋ ಗಾಳಿಯ ಕಾರಣ ‘ಹೋಗಬೇಡ’ ಎಂದು ತಡೆದ ದಿನಗಳಿಗೆ ಇದರಲ್ಲಿ ಏನೂ ಇಲ್ಲ. ಮತ್ತೆ, ಬೋಟಿನಲ್ಲಿ ಬಲೆ ಎಳೆಯುವವರು ಯಾರು? ಮೊಗವೀರರು, ಖಾರ್ವಿಗಳು, ಹರಿಕಂತ್ರರು, ದಾಲ್ದಿಗಳು, ಬ್ಯಾರಿಗಳು ಇದ್ದಾರೆ. ಅವರ ಜೊತೆಗೆ ಆಂಧ್ರದವರು, ಒಡಿಶಾದವರು, ಜಾರ್ಖಂಡಿನವರು, ತಮಿಳುನಾಡಿನವರು. ಇಲ್ಲಿಯ ಸಹಕಾರಿ ಸಂಘದ ಸದಸ್ಯತ್ವವಿಲ್ಲದ ಆ ದೂರದ ಹುಡುಗನಿಗೆ ಕಡಲಿನಲ್ಲಿ ಪಾಲುಂಟು, ದಡದಲ್ಲಿ ಪಾಲಿಲ್ಲ.

ದೋಣಿ ಒಡೆದರೆ? 2015ರಿಂದ 2020ರ ಅವಧಿಯ ಕೇಂದ್ರದ ನಿಯಮದಲ್ಲಿ, ಪೂರ್ತಿ ಹಾಳಾದ ದೋಣಿಗೆ 9,600 ರೂಪಾಯಿ, ಪೂರ್ತಿ ಹಾಳಾದ ಬಲೆಗೆ 2,600. ಆಮೇಲೆ ಸ್ವಲ್ಪ ಏರಿಸಿದರು. ನಾಡದೋಣಿಗೆ ಕಟ್ಟುವ ಒಂದು ಎಂಜಿನ್ನಿನ ಬೆಲೆ ಗೊತ್ತಿರುವ ಯಾರೂ ಈ ಅಂಕಿಗಳನ್ನು ಗಟ್ಟಿಯಾಗಿ ಓದಲಾರರು.

2017ರ ನವೆಂಬರ್ ಕೊನೆಯ ಒಖಿ ಚಂಡಮಾರುತದ ನೆನಪು ಇನ್ನೂ ಇದೆ. ಕೇರಳ, ಕನ್ಯಾಕುಮಾರಿಯ ನೂರಾರು ಮೀನುಗಾರರು ಸತ್ತರು, ಕಾಣೆಯಾದರು. ಎಚ್ಚರಿಕೆ ಯಾವಾಗ ಕೊಟ್ಟಿರಿ, ಯಾವಾಗ ಸಿಕ್ಕಿತು ಎಂದು ಕೇರಳ ಸರಕಾರಕ್ಕೂ ಕೇಂದ್ರದವರಿಗೂ ವಾಗ್ವಾದ ನಡೆಯಿತು. ಆ ವಾಗ್ವಾದದಲ್ಲಿ ಮುಖ್ಯ ಮಾತೊಂದು ಕಳೆದುಹೋಯಿತು. ಹತ್ತು ಹನ್ನೆರಡು ದಿನದ ಪ್ರಯಾಣಕ್ಕೆಂದು ಆಳಸಮುದ್ರಕ್ಕೆ ಹೋದವನಿಗೆ ಎಚ್ಚರಿಕೆ ಒಂದು ದಿನ ಮುಂಚೆ ಬಂದರೂ ಅಷ್ಟೆ, ಒಂದು ಗಂಟೆ ಮುಂಚೆ ಬಂದರೂ ಅಷ್ಟೆ. ಅವನಿಗೆ ಕೇಳಿಸುವುದೇ ಇಲ್ಲ. ಮೊಬೈಲಿನ ಸಿಗ್ನಲ್ ದಡದಿಂದ ಕೆಲವು ಕಿಲೋಮೀಟರಿಗೆ ಸುಸ್ತಾಗುತ್ತದೆ. ಆಮೇಲೆ ಇಸ್ರೋದ ತಂತ್ರಜ್ಞಾನದ, ಎರಡೂ ಕಡೆಯಿಂದ ಸಂದೇಶ ಕಳಿಸಬಲ್ಲ ಟ್ರಾನ್ಸ್‌ಪಾಂಡರುಗಳನ್ನು ದೇಶದ ಒಂದು ಲಕ್ಷ ದೋಣಿಗಳಿಗೆ ಉಚಿತವಾಗಿ ಹಾಕಲು 364 ಕೋಟಿ ರೂಪಾಯಿಯ ಯೋಜನೆ ಬಂತು. ಒಳ್ಳೆಯದು, ತಡವಾದರೂ ಬಂತು. ಕೂಡಲೇ ಹೇಳಬೇಕಾದ ಮಾತೆಂದರೆ, ಅದನ್ನು ಹಾಕಿಸಿಕೊಂಡ ಬೋಟಿನ ತಾಂಡೇಲನಿಗೆ ಸಂದೇಶ ಬಂದಾಗ ಹಿಂತಿರುಗುವ ಧೈರ್ಯವೂ ಬೇಕು. ಲಕ್ಷಗಟ್ಟಲೆ ಡೀಸೆಲ್ಲು, ಮಂಜುಗಡ್ಡೆ ತುಂಬಿಕೊಂಡು ಹೊರಟವನು ಬರಿಗೈಯಲ್ಲಿ ತಿರುಗಿದರೆ ಆ ನಷ್ಟ ಯಾರ ಖಾತೆಗೆ?

ತೌಕ್ತೆಯ ಎಚ್ಚರಿಕೆ ಮುಂಚೆಯೇ ಬಂದಿತ್ತು. ಎಲ್ಲರಿಗೂ ಗೊತ್ತಿತ್ತು. ಆದರೂ 2021ರ ಮೇ ಮಧ್ಯದಲ್ಲಿ ಮಂಗಳೂರಿನ ಹೊರಗಡಲಿನಲ್ಲಿ ಟಗ್‌ಗಳು ಇದ್ದವು. ‘ಅಲಯನ್ಸ್’ ಮಗುಚಿತು, ಅದರಲ್ಲಿದ್ದವರಲ್ಲಿ ಕೆಲವರು ಈಜಿ ದಡ ಸೇರಿದರು, ಕೆಲವರ ಹೆಣ ಸಿಕ್ಕಿತು, ಕೆಲವರು ಸಿಗಲಿಲ್ಲ. ‘ಕೋರಮಂಡಲ್ ಸಪೋರ್ಟರ್ 9’ ಬಂಡೆಗೆ ಸಿಕ್ಕಿ ಕೂತಿತು. ಅದರ ಒಂಬತ್ತು ಮಂದಿಯನ್ನು ಮೇ 17ರಂದು ನೌಕಾಪಡೆ, ಕರಾವಳಿ ಕಾವಲು ಪಡೆಯವರು ಜೀವದ ಹಂಗು ತೊರೆದು ಬಿಡಿಸಿ ತಂದರು. ಹೆಲಿಕಾಪ್ಟರಿನ ಹಗ್ಗದಲ್ಲಿ ಮನುಷ್ಯರು ತೂಗುವ ಚಿತ್ರವನ್ನು ನಾವೆಲ್ಲ ಬಾಯಿಬಿಟ್ಟು ನೋಡಿದೆವು, ಸರಿಯಾಗಿಯೇ ಚಪ್ಪಾಳೆ ಹೊಡೆದೆವು. ನಾಲ್ಕು ದಿನ ಮುಂಚೆ ಗೊತ್ತಿದ್ದ ಗಾಳಿಯಲ್ಲಿ ಅವರು ಕಡಲಿನಲ್ಲಿ ಯಾಕಿದ್ದರು, ‘ನಾವು ದಡಕ್ಕೆ ಬರುತ್ತೇವೆ’ ಎನ್ನುವ ಅಧಿಕಾರ ಅವರಲ್ಲಿ ಯಾರಿಗಿತ್ತು ಎಂಬ ಪ್ರಶ್ನೆ ಚಪ್ಪಾಳೆಯ ಸದ್ದಿನಲ್ಲಿ ಮುಳುಗಿತು.

‘ಗಾಳಿ ಕೊಂದಿತು’ ಎಂಬ ಮಾತಿನ ಹಿಂದೆ ಹೀಗೆ ಬೇರೆ ಬೇರೆ ಕೊಲೆಗಾರರು ಅಡಗಿರುತ್ತಾರೆ. ಅಳಿವೆ ಬಾಗಿಲಿನ ಹೂಳು ಅವರಲ್ಲಿ ಒಬ್ಬ. ನದಿ ಕಡಲು ಸೇರುವ ಜಾಗದಲ್ಲಿ ಮರಳು ದಿಬ್ಬ ಕಟ್ಟಿಕೊಂಡರೆ ಅಲೆ ಅಲ್ಲೇ ಮುರಿಯುತ್ತದೆ. ನಡುಗಡಲಿನ ಗಾಳಿ ದಾಟಿ ಬಂದ ದೋಣಿ ಮನೆಯ ದೀಪ ಕಾಣುವಷ್ಟು ಹತ್ತಿರದಲ್ಲಿ ಮಗುಚುತ್ತದೆ. ಹೂಳೆತ್ತಿ ಎಂದು ಮಂಗಳೂರಿನಿಂದ ಗಂಗೊಳ್ಳಿಯವರೆಗೆ ಮೀನುಗಾರರು ಕೊಟ್ಟ ಮನವಿಗಳನ್ನು ಒಂದರ ಮೇಲೊಂದು ಪೇರಿಸಿದರೆ ಅದೇ ಒಂದು ತಡೆಗೋಡೆ ಆದೀತು. ಉಳ್ಳಾಲದಲ್ಲಿ ಪ್ರತಿ ಮಳೆಗಾಲ ಕಡಲ್ಕೊರೆತಕ್ಕೆ ಸುರಿದ ಕಲ್ಲುಗಳಿಗಿಂತ ಅದು ಗಟ್ಟಿಯಾಗಿಯೂ ಇದ್ದೀತು.

ಇನ್ನೊಂದು ಕಡೆಯಿಂದ ಬರುವ ಮಾತಿಗೂ ಉತ್ತರ ಹೇಳಲೇಬೇಕು, ಯಾಕೆಂದರೆ ಅದು ನಮ್ಮ ಮನೆಯೊಳಗಿನದು. ಗಾಳಿ ಬಂದು ನಾಲ್ಕು ಜನ ಸತ್ತರೆ ಸಾಕು, ‘ಇದು ಪಾಪದ ಫಲ’ ಎನ್ನುವ ಭಾಷಣಗಳು ಶುರುವಾಗುತ್ತವೆ. ನಮ್ಮವರು ಆದ್ ಜನಾಂಗ ಬಿರುಗಾಳಿಗೆ ನಾಶವಾದ ಕಥೆ ಎತ್ತಿಕೊಳ್ಳುತ್ತಾರೆ. ಅವರವರು ಅವರವರ ಪುರಾಣ ಎತ್ತಿಕೊಳ್ಳುತ್ತಾರೆ. ಆದ್ ಜನಾಂಗ ದೊಡ್ಡ ದೊಡ್ಡ ಕಂಬಗಳ ಸೌಧ ಕಟ್ಟಿ ಅಹಂಕಾರದಿಂದ ಮೆರೆದ ಬಲಿಷ್ಠರು ಎಂಬುದನ್ನು ಈ ಭಾಷಣಕಾರರು ಮರೆಯುತ್ತಾರೆ. ಕಂಬದ ಸೌಧದವರಿಗೆ ಹೇಳಿದ ಪಾಠವನ್ನು ಶೀಟಿನ ಗುಡಿಸಿಲಿನವರಿಗೆ ಓದಿ ಹೇಳುವುದು ಯಾವ ನ್ಯಾಯ? ಉರ್ದುವಿನಲ್ಲಿ ತಕ್‌ದೀರ್ ಎಂಬ ಪದದ ಪಕ್ಕದಲ್ಲೇ ತದ್‌ಬೀರ್ ಎಂಬ ಇನ್ನೊಂದು ಪದವಿದೆ. ಮೊದಲನೆಯದು ವಿಧಿ, ಎರಡನೆಯದು ಮನುಷ್ಯ ಮಾಡಬೇಕಾದ ಉಪಾಯ. ಒಂಟೆಯನ್ನು ಕಟ್ಟಿಹಾಕುವ ಪ್ರಸಂಗ ಮದರಸದ ಚಿಕ್ಕ ಮಗುವಿಗೂ ಗೊತ್ತು. ತದ್‌ಬೀರ್ ಮಾಡಬೇಕಾದ ಜಾಗದಲ್ಲಿ ತಕ್‌ದೀರ್ ಎಂದು ಕೈಚೆಲ್ಲುವವರನ್ನು ಕಂಡರೆ ಸರಕಾರಗಳಿಗೆ ಬಹಳ ಪ್ರೀತಿ, ಏಕೆಂದರೆ ಅವರು ಲೆಕ್ಕ ಕೇಳುವುದಿಲ್ಲ. ‘ಪ್ರಕೃತಿ ವಿಕೋಪ’ ಎಂಬ ಸರಕಾರಿ ಪದ ಕೂಡ ಪಂಚೆ ಉಟ್ಟ ತಕ್‌ದೀರೇ.

ಇದು ಇನ್ನಷ್ಟು ಕಾಡಬೇಕಾದ ಕಾಲ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1982ರಿಂದ 2000ದವರೆಗಿನ ಅವಧಿಗೆ ಹೋಲಿಸಿದರೆ 2001ರಿಂದ 2019ರಲ್ಲಿ ಅರಬ್ಬಿ ಸಮುದ್ರದ ಚಂಡಮಾರುತಗಳು ಶೇ. 52ರಷ್ಟು ಹೆಚ್ಚಾಗಿವೆ. ಕಡಲು ಬಿಸಿಯಾಗುತ್ತಿದೆ. ಅಜ್ಜಂದಿರು ‘ಬಂಗಾಳ ಕೊಲ್ಲಿಯದು ಕೆಟ್ಟ ಕಡಲು, ನಮ್ಮದು ಸಾಧು’ ಎನ್ನುತ್ತಿದ್ದ ಮಾತನ್ನು ನಂಬಿ ಕೂರುವ ಹಾಗಿಲ್ಲ.

ಈ ಗಾಳಿಯ ಎರಡೂ ತುದಿಗಳಲ್ಲಿ ಸಿಕ್ಕಿಬೀಳುವ ಒಂದು ಜನ ಇದ್ದಾರೆ. ಮಳೆ ತಪ್ಪಿದ ವರ್ಷ ಬಯಲುಸೀಮೆಯಿಂದ ಗಂಟುಮೂಟೆ ಕಟ್ಟಿ ಕರಾವಳಿಯ ಪೇಟೆಗಳಿಗೆ ಗಾರೆ ಕೆಲಸಕ್ಕೆ, ಮಣ್ಣು ಹೊರಲು ಇಳಿಯುವವರು. ಅಲ್ಲಿಯವರ ಬಾಯಲ್ಲಿ ಅವರು ‘ಘಟ್ಟದವರು’. ಕಟ್ಟುತ್ತಿರುವ ಬಹುಮಹಡಿಯ ಪಕ್ಕದಲ್ಲಿ ನಾಲ್ಕು ಗಳ, ನಾಲ್ಕು ಶೀಟು, ಮೇಲೆ ಹಾರದಿರಲೆಂದು ಇಟ್ಟ ಹಳೆಯ ಟಯರು, ಇದು ಅವರ ಮನೆ. ಊರಿನಲ್ಲಿ ಬಿಟ್ಟು ಬಂದ ಮುದುಕಿಯ ತಲೆ ಮೇಲೂ ಶೀಟೇ. ತೂಫಾನು ಎದ್ದ ರಾತ್ರಿ ಮಗ ಅಲ್ಲಿಂದ ತಾಯಿಗೆ ಫೋನು ಮಾಡಿ ‘ಟಯರು ಸರಿಯಾಗಿದೆಯಾ ಅಮ್ಮಾ’ ಎನ್ನುತ್ತಾನೆ. ಅವಳು ಅವನನ್ನು ಅದನ್ನೇ ಕೇಳುತ್ತಾಳೆ. ಅವನಿಗೆ ಅಲ್ಲಿ ರೇಷನ್ ಕಾರ್ಡಿನ ವಿಳಾಸವಿಲ್ಲವಾದ್ದರಿಂದ ಬಿದ್ದ ಶೆಡ್ಡು ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಅವಳಿಗೆ ವಿಳಾಸವಿದೆ, ಗಾಳಿಗೆ ಕಾಲಂ ಇಲ್ಲ.

ಕೇಂದ್ರದ ಪಟ್ಟಿಯಲ್ಲಿ ಇಲ್ಲದ್ದನ್ನೂ ರಾಜ್ಯಗಳು ಸ್ಥಳೀಯ ವಿಪತ್ತು ಎಂದು ಘೋಷಿಸಿ, ನಿಧಿಯ ಶೇ. 10ರವರೆಗೆ ಖರ್ಚು ಮಾಡಲು ಅವಕಾಶವಿದೆ. ನೆರೆಯ ಕೇರಳ ಆ ಅವಕಾಶ ಬಳಸಿಕೊಂಡು ಸಿಡಿಲು, ಕಡಲ್ಕೊರೆತದ ಜೊತೆಗೆ ಜೋರು ಗಾಳಿಯನ್ನೂ ತನ್ನ ಪಟ್ಟಿಗೆ ಬರೆದುಕೊಂಡಿದೆ. ತಲಪಾಡಿಯ ಆಚೆ ವಿಪತ್ತಾದದ್ದು ಈಚೆ ಬಂದೊಡನೆ ಮಳೆಯ ಬಾಲವಾಗುವುದು ಹೇಗೆ? ಹೋಬಳಿಯ ಕೇಂದ್ರದಲ್ಲಿ ಗಾಳಿ ಇಷ್ಟು ವೇಗ ದಾಟಿತು ಎಂದು ದಾಖಲಾದ ದಿನ, ಆ ಹೋಬಳಿಯಲ್ಲಿ ಮುರಿದ ಗಿಡವನ್ನು ಶೇಕಡಾವಾರು ಅಲ್ಲ, ತಲೆ ಎಣಿಸಿ ಬರೆದುಕೊಳ್ಳಲಿ. ಕಡಲಿಗಿಳಿಯಬೇಡ ಎಂದು ಆದೇಶಿಸಿದ ಪ್ರತಿ ದಿನಕ್ಕೆ ದೋಣಿಯಲ್ಲಿ ಹೆಸರಿರುವ ಪ್ರತಿಯೊಬ್ಬನಿಗೂ, ಅವನು ಯಾವ ರಾಜ್ಯದವನೇ ಆಗಿರಲಿ, ಒಂದು ದಿನದ ಕೂಲಿ ಕಟ್ಟಿಕೊಡಲಿ. ಇದಕ್ಕೆ ಹಣ ಎಲ್ಲಿದೆ ಎನ್ನುವವರು ಯಲ್ಲದಕೆರೆಯ ಸುತ್ತಿನ ಸೀಮೆಗೆ ಒಂದು ಸಂಜೆ ಬಂದು ಕತ್ತೆತ್ತಿ ನೋಡಬಹುದು. ಕಡಲಿನಿಂದ ಬಂದ ಗಾಳಿ ಗುಡ್ಡದ ಮೇಲೆ ರೆಕ್ಕೆ ತಿರುಗಿಸುತ್ತಿರುತ್ತದೆ, ಕೆಳಗೆ ಮೀಟರು ಓಡುತ್ತಿರುತ್ತದೆ.